ಕಾರಿನ ಹೊಸ್ತಿಲು

“ಎಲ್ಲಾನೂ ಬಿಚ್ಚಪ್ಪ, ಬ್ಯಾಡ ಅನ್ನಲ್ಲ. ಈ ಹೊಸ್ಲು ಒಂದ್ ಮಾತ್ರ ಕೀಳ್ಬ್ಯಾಡ,” ಅಂದರು ದಾಕ್ಷಾಯಣಮ್ಮ.

ರಜನೀಶನಿಗೆ ನಗು ತಡೆಯಲಾಗಲಿಲ್ಲ. “ಕಾರಿಗೆ ಹೊಸ್ತಿಲಾ ಅಜ್ಜಿ? ಹಾಗಾದ್ರೆ ತುಳಸಿಕಟ್ಟೆ ಎಲ್ಲಿದೆ, ಡಿಕ್ಕೀಲಾ?”

ಎಂಬತ್ತೆರಡು ವರ್ಷದ ಆ ಹೆಂಗಸು ನಗಲಿಲ್ಲ. ನಗುವ ಜಾಗವೂ ಅದಾಗಿರಲಿಲ್ಲ. ಅರಕಲಗೂಡಿನ ಪೇಟೆಬೀದಿಯ ಹಿಂದೆ, ಒಂದು ಕಾಲಕ್ಕೆ ಆಲೂಗೆಡ್ಡೆ ತುಂಬಿಡುತ್ತಿದ್ದ ಗೋದಾಮು ಅದು. ಬಾಗಿಲು ತೆಗೆದರೆ ಈಗಲೂ ಕೊಳೆತ ಗೆಡ್ಡೆಯ ನಾತ, ಇಲಿಯ ನಾತ, ಮುಗ್ಗಲು ಹಿಡಿದ ಗೋಣಿಚೀಲದ ನಾತ. ಆ ಕತ್ತಲೊಳಗೆ ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು ಇಂಗ್ಲೆಂಡಿನ ರೇಸ್ ಕಾರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಕಡುಹಸಿರು ಬಣ್ಣ, ಬಾಗಿಲ ಮೇಲೆ ಬಿಳಿ ವೃತ್ತದೊಳಗೆ ಒಂಬತ್ತನೇ ನಂಬರು. ದಾಕ್ಷಾಯಣಮ್ಮನ ಗಂಡ ನಟರಾಜ ಅರವತ್ತರ ದಶಕದಲ್ಲಿ ಮದ್ರಾಸಿನ ಹತ್ತಿರದ ಷೋಳಾವರಂಗೆ ಹೋಗಿ ಇದೇ ಕಾರಿನಲ್ಲಿ ರೇಸ್ ಗೆದ್ದು ಬಂದಿದ್ದರು. ಆತ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಕಾರು ಅದಕ್ಕೂ ಮೊದಲೇ ಕಲ್ಲು ಹತ್ತಿ ಕೂತಿತ್ತು.

ಇಂಥ ಹಳೇ ಇಂಗ್ಲಿಷ್ ಕಾರುಗಳ ಗುಟ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೇಲೆ ಕಾಣುವುದು ತಗಡು, ಒಳಗೆ ಅದನ್ನು ಹಿಡಿದಿರುವುದು ಮರದ ಚೌಕಟ್ಟು. ಎಡಗಡೆಯ ಬಾಗಿಲು ತೆಗೆದು ಪಕ್ಕದ ಸೀಟಿಗೆ ಹೋಗಬೇಕಾದರೆ ಕೆಳಗಿನ ಮರದ ಪಟ್ಟಿಯೊಂದನ್ನು ದಾಟಬೇಕು. ಈ ಕಾರಿನಲ್ಲಿ ಆ ಪಟ್ಟಿ ಮಾತ್ರ ಇಂಗ್ಲೆಂಡಿನ ಮರವಾಗಿರಲಿಲ್ಲ. ಯಾರದೋ ಮನೆಯಿಂದ ಬಂದ ಹಳೇ ಬೇವಿನ ಹಲಗೆ, ಕಾಲು ತಾಗಿ ತಾಗಿ ನಡುವೆ ಸವೆದದ್ದು. ಮೂರು ಕಡೆ ಬೆರಳುದ್ದದ ಕಬ್ಬಿಣದ ಮೊಳೆ. ಮೇಲೆ ಅರಿಶಿನ ಕುಂಕುಮ ಬಳಿದು ಬಳಿದು ಗಟ್ಟಿಯಾದ ಪದರ. ಅವತ್ತು ಬೆಳಿಗ್ಗೆ ಇಟ್ಟ ಕಣಗಿಲೆ ಹೂವು ಇನ್ನೂ ಬಾಡಿರಲಿಲ್ಲ.

“ಯಾಕಜ್ಜಿ ಇದು?”

“ಇರ್ಲಿ ಅಂತ ಇರೋದು. ಅದಿರೋಗಂಟ ಯಾರ್ಗೂ ಏನೂ ಆಗಾಕಿಲ್ಲ. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ನೀರು ಹಾಕಿ ಕೈ ಮುಗ್ದಿವ್ನಿ. ನನ್ ಕಾಲ ಆದ್ಮೇಲೆ ನಮ್ಮನೇಲಿ ಇದ್ನ ಮಾಡೋರಿಲ್ಲ. ನೀನು ಮಾಡ್ತೀನಿ ಅಂದ್ರೆ ಗಾಡಿ ತಗೊಂಡೋಗು, ದುಡ್ಡು ಬ್ಯಾಡ. ಶುಕ್ರುವಾರಕ್ಕೊಂದ್ಸಲ ಅರಿಶಿನ ಹಚ್ಚುದ್ರೂ ಸಾಕು. ಭಾಷೆ ಕೊಡು.”

ಕೊಟ್ಟ. ಬಲಗೈ ಅವರ ಕೈಮೇಲಿಟ್ಟು ಭಾಷೆ ಕೊಡುತ್ತಿರುವಾಗಲೇ ಎಡಗೈಯಲ್ಲಿ ಮೊಬೈಲು ಹಿಡಿದು ಸ್ಟೇರಿಂಗಿನ ಫೋಟೊ ತೆಗೆಯುತ್ತಿದ್ದ. ದಾಕ್ಷಾಯಣಮ್ಮ ಬಹಳ ಹೊತ್ತು ಅವನ ಕೈ ಬಿಡಲಿಲ್ಲ. ಇನ್ನೇನೋ ಹೇಳಬೇಕೆಂದು ಬಾಯಿ ತೆರೆದರು. ಹೇಳಲಿಲ್ಲ. ಓದಿದವನ ಅವಸರ ನೋಡಿ, “ಏನಜ್ಜಿ?” ಅಂತ ಒಂದು ಮಾತು ಕೇಳಲಿಲ್ಲ ಅವನು.

ರಜನೀಶ ಮೈಸೂರಿನವನು. ಹಳೇ ಕಾರುಗಳಿಗೆ ಮರುಜೀವ ಕೊಡುವುದು ಅವನ ಕಸುಬು. ಹೆಂಡತಿ ಪ್ರತಿಭಾಗೆ ಹಾಸನದಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತೆಂದು ಎರಡು ವರ್ಷದ ಹಿಂದೆ ಅವಳ ಜೊತೆ ಬಂದು, ಹೊಳೆನರಸೀಪುರದ ರಸ್ತೆಯಲ್ಲಿ ಒಂದು ಶೆಡ್ಡು ಹಿಡಿದಿದ್ದ. ಕೈಯಲ್ಲಿ ಕೆಲಸವಿತ್ತು, ತಲೆಯಲ್ಲಿ ಕೊಬ್ಬೂ ಇತ್ತು. ದೇವರು ದಿಂಡರು, ಮಾಟ ಮಂತ್ರ ಅಂದರೆ ಎದುರಿಗಿದ್ದವರು ಯಾರೆಂದು ನೋಡದೆ ಗೇಲಿ ಮಾಡುತ್ತಿದ್ದ. ಮೊದಮೊದಲು ಶುಕ್ರವಾರ ಪ್ರತಿಭಾಳೇ ಶೆಡ್ಡಿಗೆ ಬಂದು ಆ ಹಲಗೆಗೆ ಅರಿಶಿನ ಹಚ್ಚಿ ಹೋದಳು. “ಮಾತು ಕೊಟ್ಟಿದ್ದೀರಲ್ಲ,” ಅಂದಳು, ಅಷ್ಟೇ.

ಹದಿನಾಲ್ಕು ತಿಂಗಳು ದುಡಿದ. ಎಂಜಿನ್ ಬಿಚ್ಚಿ ಕೂಡಿಸಿದ, ತಗಡು ತಟ್ಟಿದ, ಬಣ್ಣ ಹೊಡೆದ. ಕಾರು ಕಣ್ಣು ಕುಕ್ಕುವಂತಾಯಿತು. ಆ ಒಂದು ಹಲಗೆ ಮಾತ್ರ ಹಾಗೇ ಉಳಿಯಿತು. ಹಳೇ ಕಾರಿನ ಸ್ಪರ್ಧೆಗಳ ನಿಯಮ ಗೊತ್ತಲ್ಲ, ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು. ಒಂದು ಸ್ಕ್ರೂ ಬೇರೆಯಿದ್ದರೂ ತೀರ್ಪುಗಾರರು ಅಂಕ ಕಳೆಯುತ್ತಾರೆ. ಅರಿಶಿನ ಮೆತ್ತಿದ ಬೇವಿನ ಹಲಗೆ ನೋಡಿದರೆ ಏನಂದಾರು! ಡಿಸೆಂಬರಿನ ಒಂದು ಭಾನುವಾರ, ಪ್ರತಿಭಾ ಊರಲ್ಲಿಲ್ಲದಾಗ, ಮೊಳೆ ಕೀಳಲು ಕೂತ.

ಮೊದಲ ಮೊಳೆ ಅರ್ಧ ಗಂಟೆ ತಗೊಂಡಿತು. ಎರಡನೆಯದು ಇನ್ನೂ ಹೆಚ್ಚು. ಮೂರನೆಯದು ಕಿರ್ರೆನ್ನುತ್ತಾ ಮೇಲೆ ಬಂದಾಗ ಅದರ ತೂತಿನಿಂದ ಎಣ್ಣೆ ಒಸರಿತು. ಬೆಚ್ಚಗಿನ ಎಣ್ಣೆ. ಮೂಸಿದ. ಹರಳೆಣ್ಣೆ. ಐವತ್ತು ವರ್ಷ ಒಣಗಿದ ಹಲಗೆಯಲ್ಲಿ ಎಣ್ಣೆ ಎಲ್ಲಿಂದ ಬಂತು? ಆಗಿನ ಕಾಲದ ರೇಸ್ ಎಂಜಿನ್ನಿಗೆ ಹರಳೆಣ್ಣೆಯ ಆಯಿಲನ್ನೇ ಹಾಕುತ್ತಿದ್ದರು, ಸೋರಿದ್ದನ್ನು ಮರ ಕುಡಿದಿರಬೇಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಲಗೆಯನ್ನು ಮನೆಗೆ ಒಯ್ದು ಸ್ನಾನದ ಒಲೆಗೆ ತುರುಕಿದ. ಅದು ಇಡೀ ದಿನ ಉರಿಯಿತು. ಬಚ್ಚಲುಮನೆಯಲ್ಲೆಲ್ಲ ಸುಟ್ಟ ಹರಳೆಣ್ಣೆಯ ಕಮಟು.

ಪ್ರತಿಭಾ ಬಂದು ಹೊಸ ಪಟ್ಟಿ ನೋಡಿದಳು. “ಅಜ್ಜಿ ಏನೂ ಅನ್ನಲಿಲ್ವಾ?”

“ಅವರೇ ತೆಗಿ ಅಂದ್ರು,” ಅಂದ ರಜನೀಶ. ನಾಲಿಗೆ ತಡವರಿಸಲೇ ಇಲ್ಲ.

ಅದಾದ ವಾರಕ್ಕೆ ದಾಕ್ಷಾಯಣಮ್ಮನ ಫೋನು ಬಂತು. “ಹೊಸ್ಲು ಐತೇನಪ್ಪ?” ಅಂತ ಕೇಳಿದರು. “ಇದೆ ಅಜ್ಜಿ, ಇವತ್ತು ತಾನೇ ಅರಿಶಿನ ಹಚ್ಚಿದ್ವಿ,” ಅಂದ. “ನಿನ್ ಹೊಟ್ಟೆ ತಣ್ಣಗಿರ್ಲಿ,” ಅಂದರು ಆಕೆ. ಫೋನಿಟ್ಟ ಮೇಲೆ ಆ ಹಾರೈಕೆ ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕಚ್ಚಿಕೊಂಡಿತು. ರ‍್ಯಾಲಿ ಮುಗಿದ ಮೇಲೆ ಹೋಗಿ ನಿಜ ಹೇಳಿಬಿಡೋಣ ಅಂದುಕೊಂಡ.

ಜನವರಿಯ ಎರಡನೇ ಭಾನುವಾರ ಹಳೇ ಕಾರುಗಳ ರ‍್ಯಾಲಿ. ಚನ್ನರಾಯಪಟ್ಟಣದಿಂದ ಹೊರಟು ಹೊಳೆನರಸೀಪುರ, ಅರಕಲಗೂಡು, ಕಟ್ಟಾಯ ಹಾಯ್ದು ಹಾಸನದ ಮೈದಾನ ಸೇರಬೇಕು. ಜೋರಾಗಿ ಓಡುವ ಪಂದ್ಯವಲ್ಲ, ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಒಂದೊಂದು ಊರು ಮುಟ್ಟುವ ಪಂದ್ಯ. ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು ದಾರಿಪುಸ್ತಕ ನೋಡಿ ತಿರುವು, ದೂರ, ಗಂಟೆ ಹೇಳುತ್ತಿರಬೇಕು. ರಜನೀಶನ ಪಕ್ಕ ಪ್ರತಿಭಾ ಕೂತಳು. ತಲೆಗೆ ಉಣ್ಣೆಯ ಸ್ಕಾರ್ಫು, ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ಸಿಲ್ಲು. ಮಂಜು ಕವಿದು ಹತ್ತು ಮಾರು ದೂರದ್ದು ಕಾಣುತ್ತಿರಲಿಲ್ಲ. ಹೊಳೆನರಸೀಪುರದ ಸೇತುವೆ ಮೇಲೆ ಹೇಮಾವತಿಯ ಥಂಡಿ ಮುಖಕ್ಕೆ ರಾಚಿದಾಗ ಅವಳು ಕಿರುಚಿ ನಕ್ಕಳು. ಅವನೂ ನಕ್ಕ. ಅವರಿಬ್ಬರೂ ಹಾಗೆ ನಗದೆ ಎಷ್ಟೋ ತಿಂಗಳಾಗಿತ್ತು.

ಅರಕಲಗೂಡು ಮುಟ್ಟುವಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಪೇಟೆಬೀದಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ದಾಕ್ಷಾಯಣಮ್ಮನೂ ಬಾಗಿಲಲ್ಲಿ ನಿಂತಿದ್ದರು. ಕಾರು ಕಂಡದ್ದೇ ಮುಖ ಅರಳಿತು. ಆಮೇಲೆ ಅವರ ಕಣ್ಣು ಎಡಬಾಗಿಲ ಕೆಳಗೆ ಹೋಯಿತು. ಅಲ್ಲಿ ಫಳಫಳ ಹೊಸ ಮರ. ಮುದುಕಿ ಎರಡೂ ಕೈ ಎತ್ತಿಕೊಂಡು ಬೀದಿಗೆ ಓಡಿ ಬಂದರು. “ನಿಲ್ಸೋ! ನಿಲ್ಸಪ್ಪಾ!”

“ರೀ, ಅಜ್ಜಿ ಕರೀತಿದ್ದಾರೆ. ನಿಲ್ಲಿಸಿ,” ಅಂದಳು ಪ್ರತಿಭಾ.

“ಟೈಮು ಹೋಗುತ್ತೆ,” ಅಂದ. ಟೈಮಿನ ಮಾತು ನೆಪ. ಆ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಕಟ್ಟಾಯಕ್ಕೆ ಎರಡು ಮೈಲಿ ಇರುವಾಗ ಒಂದು ತಿರುವು ಬರುತ್ತದೆ. ಪಕ್ಕದಲ್ಲಿ ದೊಡ್ಡ ಹುಣಸೆಮರ. ಅಲ್ಲಿಗೆ ಬರುವಾಗ ವಾಸನೆ ಬಂತು. ಸುಟ್ಟ ಹರಳೆಣ್ಣೆಯ ವಾಸನೆ. ಎಂಜಿನ್ನಿಗೆ ಹಾಕಿದ್ದು ಈಗಿನ ಆಯಿಲು, ಆ ವಾಸನೆ ಬರುವ ಹಾಗೇ ಇಲ್ಲ. ಆದರೂ ಬಂತು. ಮೊದಲು ತೆಳ್ಳಗೆ. ಆಮೇಲೆ ಗಂಟಲು ಹಿಡಿಯುವಷ್ಟು. ಬಿಸಿಲಿದ್ದರೂ ಎಡಭುಜಕ್ಕೆ ತಣ್ಣಗೆ ತಾಗಿತು. “ಎಡಕ್ಕೆ,” ಅಂದಿತು ಪಕ್ಕದ ದನಿ. ತಿರುಗಿಸಿದ. “ಇನ್ನ ನೆಟ್ಟಗೆ.” ಓಡಿಸಿದ. “ಓಗ್ಲಿ. ಇನ್ನೂ ಓಗ್ಲಿ.” ಕಾರು ಹಾರಿತು. ಅಂಥ ಓಟ ಅವನು ಜನ್ಮದಲ್ಲಿ ಓಡಿಸಿರಲಿಲ್ಲ. ಗೇರು ತಾನಾಗಿಯೇ ಬೀಳುತ್ತಿತ್ತು. ತಿರುವು ತಾನಾಗಿಯೇ ಬಳುಕುತ್ತಿತ್ತು. ದನಿ ಹೇಳಿತು, ಅವನು ಮಾಡಿದ. ದನಿ ನಕ್ಕಿತು, ಅವನೂ ನಕ್ಕ. “ನಿಲ್ಬ್ಯಾಡಿ ಸಾ. ಎಲ್ಲೂ ನಿಲ್ಬ್ಯಾಡಿ.”

ನಿಲ್ಲಲಿಲ್ಲ. ಹಾಸನದ ಮೈದಾನಕ್ಕೆ ಬಂದಾಗ ಗಡಿಯಾರದ ಮುಳ್ಳು ಸರಿಯಾಗಿ ಹನ್ನೊಂದೂವರೆ. ಒಂದು ಸೆಕೆಂಡೂ ಹೆಚ್ಚು ಕಡಿಮೆಯಿಲ್ಲ. ಜನ ಚಪ್ಪಾಳೆ ತಟ್ಟಿದರು. ರ‍್ಯಾಲಿ ನಡೆಸುತ್ತಿದ್ದ ಮೋಹನ್‌ಕುಮಾರ್, ಹಾಸನದಲ್ಲಿ ಟೈರಿನಂಗಡಿ ಇಟ್ಟಿರುವವನು, ಓಡಿ ಬಂದು ಕೈ ಕುಲುಕಿದ.

“ಸೂಪರ್ ಸಾ! ಮೇಡಮ್ಮೋರು ಎಲ್ಲಿ ಇಳ್ಕೊಂಡ್ರು?”

“ಇಲ್ಲೇ...” ಅಂತ ರಜನೀಶ ಎಡಕ್ಕೆ ತಿರುಗಿದ.

ಸೀಟು ಖಾಲಿ. ದಾರಿಪುಸ್ತಕ ಮಡಿಸಿಟ್ಟಿತ್ತು. ಚರ್ಮದ ಒರಗಿನ ಮೇಲೆ ತಲೆ ಆನಿಸಿದ ಜಾಗದಲ್ಲಿ ಎಣ್ಣೆಯ ಕಲೆ. ಕಾಲಿಡುವಲ್ಲಿ ಒಂದು ಹಿಡಿ ಕೆಮ್ಮಣ್ಣು.

ಎಲ್ಲಿ ಇಳಿದಳು? ಯಾವಾಗ? ನೆನಪಿಲ್ಲ. ಇಪ್ಪತ್ತು ಕಿಲೋಮೀಟರು ಪಕ್ಕದಲ್ಲಿ ಹೆಂಡತಿಯಿಲ್ಲದೆ ನಗುತ್ತಾ ಬಂದಿದ್ದ, ಅವಳಿಲ್ಲ ಅನ್ನುವುದೇ ಅವನಿಗೆ ಗೊತ್ತಾಗಿರಲಿಲ್ಲ. ಫೋನು ಮಾಡಿದ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಿತು ಹೆಂಗಸಿನ ದನಿ. ಹತ್ತು ಸಲ ಮಾಡಿದ, ಹತ್ತು ಸಲವೂ ಅಂದಿತು. ಮೋಹನ್‌ಕುಮಾರ್ ತನ್ನ ಜೀಪು ತೆಗೆದ. ಬಂದ ದಾರಿಯನ್ನೇ ಹಿಡಿದು ಚರಂಡಿ, ಕಾಲುವೆ, ಹೊಲದ ಬದು ನೋಡುತ್ತಾ ಹೋದರು. ಹುಣಸೆಮರದ ಕೆಳಗೆ ಇಳಿದು ಗಂಟಲು ಹರಿಯುವಂತೆ ಕೂಗಿದರು. ನೊಣ ಗುಂಯ್ಗುಡುವ ಸದ್ದು ಬಿಟ್ಟರೆ ಏನಿಲ್ಲ. ರಜನೀಶನಿಗೆ ಈಗ ಹೋಗುವ ಜಾಗ ಒಂದೇ ಉಳಿದಿತ್ತು.

ದಾಕ್ಷಾಯಣಮ್ಮ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು, ಅವನಿಗಾಗಿಯೇ ಕಾದವರಂತೆ. “ಒಬ್ನೇ ಬಂದ್ಯಾ?” ಅಂದರು.

ಅವನು ಅವರ ಕಾಲ ಬಳಿ ಕುಸಿದ. “ತಪ್ಪಾಯ್ತು ಅಜ್ಜಿ.”

“ಹೊಸ್ಲು ಎಲ್ಲೈತೆ? ತಂದು ಕೂರ್ಸು ಮೊದ್ಲು.”

“ಸುಟ್ಟುಬಿಟ್ಟೆ.”

ಮುದುಕಿ ಕಣ್ಣು ಮುಚ್ಚಿದರು. ಮೆಟ್ಟಿಲ ಬಳಿ ನಿಂತಿದ್ದ ಮೋಹನ್‌ಕುಮಾರ್ “ಅಯ್ಯೋ ಶಿವನೇ” ಅಂದ. ಆಮೇಲೆ ಆಕೆ ಹೇಳಿದರು, ಒಂದೂವರೆ ವರ್ಷದ ಹಿಂದೆ ಗೋದಾಮಿನಲ್ಲಿ ನುಂಗಿಕೊಂಡಿದ್ದ ಮಾತನ್ನು. ಭೀಮ ಅಂತ ಒಬ್ಬ ಹುಡುಗನಂತೆ, ಕಾರಿನ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದನಂತೆ. ತಲೆತುಂಬ ಹರಳೆಣ್ಣೆ ಹಚ್ಚಿಕೊಂಡು ನಟರಾಜನ ಪಕ್ಕದಲ್ಲಿ ಕೂರುತ್ತಿದ್ದ. ರೇಸಿಗೆ ಮುಂಚೆ ಈ ರಸ್ತೆಯಲ್ಲಿ ಗಡಿಯಾರ ಹಿಡಿದು ಓಡಿಸಿ ನೋಡುವಾಗ ಹುಣಸೆಮರದ ತಿರುವಿನಲ್ಲಿ ಬಾಗಿಲು ತೆಗೆದುಕೊಂಡು ಆಚೆ ಬಿದ್ದ. ನಟರಾಜ ನೋಡಿದರು. ನಿಲ್ಲಿಸಲಿಲ್ಲ.

“ಟೈಮು ಓಯ್ತದೆ ಅಂತ ನಿಲ್ಲಿಸ್ಲಿಲ್ವಂತೆ. ಹಾಸನ ಮುಟ್ಟಿ ವಾಪಸ್ ಬಂದಾಗ ಅವ್ನು ಸತ್ತಿದ್ದ. ಬಿದ್ದ ಜಾಗದಲ್ಲಲ್ಲ ಕಣಪ್ಪ. ಕಾರು ಓದ ದಿಕ್ಕಿಗೆ ನಲವತ್ತು ಹೆಜ್ಜೆ ತೆವುಳ್ಕೊಂಡ್ ಬಂದಿದ್ದ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. “ಅವ್ನ ತಾಯಿ ದೊಡ್ಡಮ್ಮ ಅಂತ. ನಮ್ಮ ಗೆಡ್ಡೆ ಅಂಗಡಿ ಮುಂದೆ ನಿಂತು ಮಣ್ಣು ತೂರುದ್ಲು. ‘ಈ ಗಾಡಿ ಓಡ್ಸೋನು ಪಕ್ಕ ಕೂತೋರ್ನ ದಾರೀಲಿ ಬುಟ್ಟು ಬರ್ಲಿ, ಮನೆಗೆ ಒಬ್ನೇ ಬರ್ಲಿ’ ಅಂದ್ಲು. ನಾವು ನಗಾಡುದ್ವಿ.”

ಹತ್ತು ತಿಂಗಳಿಗೆ ನಟರಾಜ ಆರು ವರ್ಷದ ಮಗಳನ್ನು ಕೂರಿಸಿಕೊಂಡು ಹೋದರು. ಒಬ್ಬರೇ ಬಂದರು.

“ಅವತ್ತೇ ಮಂತ್ರವಾದಿ ಕರ್ಸುದ್ವಿ. ದಾರೀಲಿ ಉಳ್ದೋರು ಅವತ್ತು ಹೊತ್ತು ಮುಳ್ಗೋಗಂಟ ಆ ಹುಣಸೆಮರದ್ ತಾವೇ ನಿಂತಿರ್ತಾರೆ ಅಂದ. ಬ್ಯಾರೆ ಗಾಡೀಲಿ ಓದ್ರೆ ಕಾಣಾಕಿಲ್ಲ, ಅದೇ ಗಾಡೀಲಿ ಓಗ್ಬೇಕು. ಇಳುದ್ರೂ ಕಾಣಾಕಿಲ್ಲ. ಇವ್ರು ಓದ್ರು. ಮಗು ನಿಂತಿತ್ತಂತೆ. ಎತ್ತಿ ಪಕ್ಕ ಕೂರುಸ್ಕೊಂಡ್ರು. ಮನೆ ಮುಂದೆ ಬಂದಾಗ ಮತ್ತೆ ಒಬ್ರೇ. ಮತ್ತೆ ಓದ್ರು. ಮತ್ತೆ ಒಬ್ರೇ. ಮೂರು ಸಲ ಕಣಪ್ಪ! ಓಡ್ಸೋರು ಒಬ್ರೇ ಮನೆ ಸೇರೋದು. ಆರು ವರ್ಷದ ಮಗೀಗೆ ಸ್ಟೇರಿಂಗು ಹಿಡಿಯಕ್ ಬತ್ತದಾ? ಹೊತ್ತು ಮುಳುಗ್ತು. ಆಮ್ಯಾಕೆ ಮಗು ಸಿಗ್ಲೇ ಇಲ್ಲ.”

ಆಮೇಲೆ ಭೀಮ ಕಾರು ಹತ್ತದ ಹಾಗೆ ಮಾಡಲು ಅವನದೇ ಮನೆಯ ಹೊಸ್ತಿಲು ಬೇಕೆಂದ ಆ ಮಂತ್ರವಾದಿ. ತಾಯಿ ಕೂಲಿಗೆ ಹೋಗಿದ್ದಾಗ ಆಳುಗಳನ್ನು ಕಳಿಸಿ ಅವಳ ಗುಡಿಸಲಿನ ಹೊಸ್ತಿಲು ಕೀಳಿಸಿ ತಂದರು. ಸತ್ತವನು ತನ್ನ ಮನೆಯ ಹೊಸ್ತಿಲು ದಾಟಿ ಬರಲಾರ ಅಂತ ಅದನ್ನು ಕಾರಿಗೆ ಹೊಡೆದು ಕೂರಿಸಿದರು. ಹೊಸ್ತಿಲಿಲ್ಲದ ಮನೆಯಲ್ಲಿ ದೊಡ್ಡಮ್ಮ ಹನ್ನೊಂದು ವರ್ಷ ಬದುಕಿದಳು.

“ದಿನಾ ಪೂಜೆ ಮಾಡ್ತಿದ್ದುದು ಬರೀ ಹೆದ್ರಿಕೆಗಲ್ಲಪ್ಪ. ಆ ಯಮ್ಮನ್ ಹತ್ರ ತಪ್ಪಾಯ್ತು ಅನ್ನಕೆ. ನಿಂಗೆ ಅವತ್ತೇ ಹೇಳ್ಬೇಕಿತ್ತು. ನಾಚ್ಕೆ ಆಯ್ತು ಕಣೋ.”

ಅವರ ನಾಚಿಕೆ, ಇವನ ಸುಳ್ಳು, ನಡುವೆ ಪ್ರತಿಭಾ. ಯಾರನ್ನು ಬೈಯುವುದು?

ಮೂರೂವರೆಗೆ ಹಾಸನದ ಮೈದಾನದಲ್ಲಿ ಬಿಟ್ಟಿದ್ದ ಕಾರಿನ ಬಳಿ ವಾಪಸ್ಸಾದರು. “ನೀವು ನಮ್ಮ ಮನೆ ಹತ್ರ ಕಾದಿರಿ,” ಅಂದ ರಜನೀಶ ಮೋಹನ್‌ಕುಮಾರನಿಗೆ. “ಅವಳು ಬಂದ್ರೆ ಒಳಗೆ ಕೂರಿಸಿ, ಬಿಸಿಯಾಗಿ ಏನಾದ್ರೂ ಕೊಡಿ. ಒಬ್ಬಳನ್ನೇ ಬಿಡಬೇಡಿ.” ಮೋಹನ್‌ಕುಮಾರ್ ಅವನ ಮುಖವನ್ನೇ ನೋಡಿದ. ಏನು ಮಾಡಲು ಹೊರಟಿದ್ದಾನೆಂದು ಆ ಟೈರಿನಂಗಡಿಯವನಿಗೆ ಅರ್ಥವಾಗಿತ್ತು. “ಸಾ...” ಅಂದವನು ಕಣ್ಣೊರೆಸಿಕೊಂಡ.

ಹುಣಸೆಮರ ಕಾಣುತ್ತಿದ್ದಂತೆ ಅವಳೂ ಕಂಡಳು. ಮೂರು ತಾಸಿನ ಹಿಂದೆ ಅವನು ನಿಂತು ಕೂಗಿದ್ದ ಜಾಗದಲ್ಲೇ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಸಿಟ್ಟಿನಿಂದ ಕೆಂಪಗಾಗಿ ನಿಂತಿದ್ದಳು. ಅವಳ ಪಾಲಿಗೆ ಐದು ನಿಮಿಷವಾಗಿತ್ತು, ಅಷ್ಟೇ.

“ಇದೇನು ತಮಾಷೆನಾ? ಟೈರ್ ನೋಡು ಅಂತ ನೀವೇ ಇಳಿಸಿದ್ರಿ. ಇಳಿದ ತಕ್ಷಣ ಹೊರಟುಬಿಟ್ರಿ. ಎಷ್ಟು ಕೂಗಿದೆ! ತಿರುಗಿ ಕೂಡ ನೋಡಲಿಲ್ಲ. ಯಾರ ಜೊತೆನೋ ನಗ್ತಾ ಹೋದ್ರಿ.”

ಇಳಿದು ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಇಳಿದರೆ ಅವಳು ಕಾಣುವುದಿಲ್ಲ. ಕೂತಲ್ಲಿಂದಲೇ ಎಡದ ಸೀಟಿಗೆ ಸರಿದ. “ಪ್ರತಿಭಾ, ನೀನು ಓಡಿಸು. ನನ್ನ ಕೈ ನೋಡು, ಹೇಗೆ ನಡುಗ್ತಿದೆ.”

ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದವಳು. ಅವನ ಕೈ ನೋಡಿ ಅವಳ ಸಿಟ್ಟು ಇಳಿಯಿತು. ಸುತ್ತಿ ಬಂದು ಬಲಗಡೆ ಕೂತು, ಅವನ ಹಣೆ ಮುಟ್ಟಿದಳು. “ಜ್ವರ ಇದೆಯೇನ್ರೀ?” ಅಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ನಿಜ ಹೇಳಿದರೆ ಅವಳು ಸ್ಟೇರಿಂಗು ಮುಟ್ಟುವುದಿಲ್ಲ. ಅದಕ್ಕೇ ಮತ್ತೊಂದು ಸುಳ್ಳು. “ನೇರ ಮನೆಗೆ ಹೋಗು. ಎಲ್ಲೂ ನಿಲ್ಲಿಸಬೇಡ.”

ಕಾರು ಹೊರಟಿತು. ತಡೆಯಲಾರದೆ ಮಾತು ಶುರುಮಾಡಿದ. ಅಜ್ಜಿ ತೆಗಿ ಅಂದಿರಲಿಲ್ಲ ಪ್ರತಿಭಾ, ನಾನೇ ಕಿತ್ತೆ ಅಂದ. ಒಲೆಗೆ ಹಾಕಿದೆ ಅಂದ. ಫೋನಿನಲ್ಲೂ ಸುಳ್ಳು ಹೇಳಿದೆ, ಬೆಳಿಗ್ಗೆ ಅವರು ಬೀದಿಗೆ ಓಡಿ ಬಂದು ಕೂಗುವಾಗ ಹೆದರಿ ಓಡಿದೆ ಅಂದ. ನೀನು ಪಕ್ಕದಲ್ಲಿಲ್ಲ ಅಂತ ನನಗೆ ಗೊತ್ತೇ ಆಗಲಿಲ್ಲ, ಚಪ್ಪಾಳೆ ಕೇಳಿ ಖುಷಿಪಟ್ಟೆ, ನನ್ನಂಥ ಪಾಪಿ ಇಲ್ಲ ಅಂದ. ಅವಳು ಮುಂದೆ ನೋಡುತ್ತಾ ಓಡಿಸುತ್ತಿದ್ದಳು. ಹರಳೆಣ್ಣೆಯ ಕಮಟು ಏರಿತು. ಅವಳ ತುಟಿಯ ಮೇಲೆ ಸಣ್ಣ ನಗು ಬಂತು. “ಹೌದಾ?” ಅಂದಳು. ಕ್ಷಮಿಸಿದಳು ಅಂದುಕೊಂಡ. “ಎಡಕ್ಕಾ? ಸರಿ,” ಅಂದಳು. ಅವನು ಎಡಕ್ಕೆ ಅಂದಿರಲಿಲ್ಲ. “ಪ್ರತಿಭಾ,” ಅಂದ. ಅವಳು ನಕ್ಕಳು. “ಪ್ರತಿಭಾ!” ಕಾಲಡಿಗೆ ನೆಲ ಸಿಕ್ಕಿತು. ಬಿಸಿಲಿಗೆ ಕಾದ ಟಾರು. ಕಾರು ದೂರದಲ್ಲಿತ್ತು. ಅವಳು ಎಡಕ್ಕೆ ಮುಖ ತಿರುಗಿಸಿ ಏನೋ ಹೇಳುತ್ತಾ ಹೋಗುತ್ತಿದ್ದಳು. ಅವನು ಹುಣಸೆಮರದ ಕೆಳಗೆ ನಿಂತು ಇನ್ನೂ ತಪ್ಪಾಯ್ತು, ತಪ್ಪಾಯ್ತು ಅನ್ನುತ್ತಲೇ ಇದ್ದ.

ಒಂದು ಬಸ್ಸು ಅವನ ಪಕ್ಕದಲ್ಲೇ ಹೋಯಿತು. ಕೈ ಅಡ್ಡ ಹಿಡಿದ. ಡ್ರೈವರು ನೋಡಲಿಲ್ಲ. ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ಅವನ ಮೈಗೆ ತಾಗುವಷ್ಟು ಹತ್ತಿರ ಹಾದು ಹೋದಳು. ಹೋಗಲಿ ಬಿಡು ಅಂದುಕೊಂಡ. ಅವಳು ಮನೆ ಮುಟ್ಟುತ್ತಾಳಲ್ಲ, ಅಷ್ಟು ಸಾಕು. ಈಗ ಹಾಸನದ ರಿಂಗ್ ರೋಡು. ಈಗ ನಮ್ಮ ಬೀದಿ. ಈಗ ಮನೆ ಮುಂದೆ ಮೋಹನ್‌ಕುಮಾರ್ ಎದ್ದು ನಿಲ್ಲುತ್ತಾನೆ.

ಆಗ ಹೊಳೆಯಿತು.

ಮೋಹನ್‌ಕುಮಾರ್ ಸುಮ್ಮನಿರುತ್ತಾನಾ? ‘ಸಾ ಏನಾದ್ರು ಮೇಡಂ?’ ಅಂತ ಕೇಳಿಯೇ ಕೇಳುತ್ತಾನೆ. ಅವಳು ಎಡಕ್ಕೆ ತಿರುಗುತ್ತಾಳೆ. ಕೂಗಿಕೊಳ್ಳುತ್ತಾಳೆ. ಅವನು ಎಲ್ಲ ಹೇಳಿಬಿಡುತ್ತಾನೆ, ಅಜ್ಜಿ ಹೇಳಿದ್ದು ಒಂದಕ್ಷರ ಬಿಡದೆ. ಪ್ರತಿಭಾ ಒಬ್ಬಳೇ ಮನೆಯಲ್ಲಿ ಕೂತು ಅಳುವವಳಲ್ಲ. ಬಂದೇ ಬರುತ್ತಾಳೆ. ಬಂದು ರಜನೀಶ ಮಾಡಿದ್ದನ್ನೇ ಮಾಡುತ್ತಾಳೆ. ಎಡಕ್ಕೆ ಸರಿದು ಅವನಿಗೆ ಸ್ಟೇರಿಂಗು ಕೊಡುತ್ತಾಳೆ. ಅವನ ಕೈಯಾರೆ ಅವಳನ್ನು ಇನ್ನೊಮ್ಮೆ ಇಲ್ಲಿ ಬಿಟ್ಟುಹೋಗುವ ಹಾಗೆ ಮಾಡುತ್ತಾಳೆ, ಹೊತ್ತು ಮುಳುಗುವ ಹೊತ್ತಿಗೆ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಹೊಲದಾಚೆಯ ನೀಲಗಿರಿ ಮರಗಳ ಮೇಲೆ ಕೆಂಪಗೆ ನಿಂತಿತ್ತು. ಹಾಸನದ ದಿಕ್ಕಿನಿಂದ ಸದ್ದು ಕೇಳಿತು. ಹದಿನಾಲ್ಕು ತಿಂಗಳು ತಾನೇ ಕೂತು ತಿದ್ದಿದ ಎಂಜಿನ್. ಆ ಸದ್ದು ಅವನಿಗೆ ಗೊತ್ತಾಗದೆ ಇರುತ್ತದಾ?

ಓಡಿ ಹುಣಸೆಮರದ ಹಿಂದೆ, ಲಂಟಾನದ ಪೊದೆಯೊಳಗೆ ನುಗ್ಗಿ ಕೂತ. ಮುಳ್ಳು ಮುಖ ಗೀರಿತು. ಕಾರು ಬಂದು ನಿಂತಿತು. ಎಂಜಿನ್ ಆರಿಸಲಿಲ್ಲ.

“ರೀ! ಎಲ್ಲಿದ್ದೀರಿ? ಬನ್ನಿ ಬೇಗ, ಹೊತ್ತಾಗ್ತಿದೆ. ಮೋಹನ್‌ಕುಮಾರ್ ಎಲ್ಲಾ ಹೇಳಿದ್ರು.”

ಅವನು ಮಂಡಿಯೊಳಗೆ ತಲೆ ಹುದುಗಿಸಿದ.

“ನೀವು ಓಡಿಸಿ, ನಾನು ಈ ಕಡೆ ಕೂತ್ಕೋತೀನಿ. ಹೊತ್ತು ಮುಳುಗೋದ್ರೊಳಗೆ ಏನಾದ್ರೂ ಮಾಡೋಣ. ಬನ್ನೀಂದ್ರೆ!” ಹಾರ್ನ್ ಬಾರಿಸಿದಳು. “ದಾರೀಲಿ ನೀವು ಹೇಳಿದ್ದೆಲ್ಲ ಈಗ ನೆನಪಾಯ್ತು ಕಣ್ರೀ. ನಂಗೆ ಕೋಪ ಇಲ್ಲ. ಒಂದ್ಸಲ ಓ ಅನ್ನಿ. ಎಲ್ಲಿದ್ದೀರಿ ಅಂತ ಗೊತ್ತಾದ್ರೆ ಸಾಕು.”

ಅವನ ಕಾಲು ತಾನಾಗಿಯೇ ಎದ್ದಿತು. ಬಾಯಿಗೆ ಅವಳ ಹೆಸರು ಬಂದುಬಿಟ್ಟಿತ್ತು. ಮುಂಗೈ ಬಾಯಿಗೆ ತುರುಕಿ ರಕ್ತ ಬರುವ ಹಾಗೆ ಕಚ್ಚಿದ, ಮತ್ತೆ ಕೂತ. ಮರಗಳ ಸಂದಿಯಲ್ಲಿ ಸೂರ್ಯ ಉಗುರಿನಷ್ಟು ಉಳಿದಿದ್ದ. ಅವಳು ಅವನ ಹೆಸರು ಹಿಡಿದೇ ಕೂಗತೊಡಗಿದಳು, ಮದುವೆಯಾದ ಮೇಲೆ ಇದೇ ಮೊದಲ ಸಲ. ರಜನೀಶ್, ರಜನೀಶ್ ಅಂತ ಕೂಗುತ್ತಲೇ ಇದ್ದಳು. ಅವನು ಓಗೊಡಲಿಲ್ಲ.